ಲೇಬಲ್ ಕಳಚಿದ ಸೀಸೆ

ಗುಲಾಬಿ ಕಿವಿಯವನೇ,

ಹೀಗೆ ಕರೆದೆನೆಂದು ಮುಖ ಊದಿಸಬೇಡ. ನೀನು ಪ್ರಯೋಗಾಲಯ ಬಿಟ್ಟು ಎರಡು ವರ್ಷವಾಯಿತು, ಆದರೂ ಇಲ್ಲಿ ಯಾರೂ ನಿನ್ನನ್ನು ಬೇರೆ ಹೆಸರಿನಿಂದ ನೆನೆಯುವುದಿಲ್ಲ. ನಿನ್ನೆ ಹಳೆಯ ಕಪಾಟು ತೆರವು ಮಾಡುವಾಗ ಹಿಂದಿನ ಸಾಲಿನಲ್ಲಿ ಒಂದು ಕಂದು ಸೀಸೆ ಸಿಕ್ಕಿತು. ಲೇಬಲ್ ಕಳಚಿ ಬಿದ್ದಿತ್ತು. ಒಳಗೆ ಹರಳುಗಳು ಗಟ್ಟಿಯಾಗಿ ಕೂತಿದ್ದವು, ಗಾಳಿ ಬೆಳಕು ತಾಗಿ ನಸುಗುಲಾಬಿಯಾಗಿದ್ದವು, ಥೇಟ್ ದೊಡ್ಡ ಸಾಹೇಬರು ಹೊಗಳಿದಾಗ ನಿನ್ನ ಕಿವಿ ಆಗುತ್ತಿತ್ತಲ್ಲ, ಹಾಗೆ. ಮುಚ್ಚಳ ತೆಗೆದರೆ ಹಳೆಯ ಆಸ್ಪತ್ರೆಯ ವಾಸನೆ. ಅರ್ಧ ಗುರುತು ಅಲ್ಲೇ ಹತ್ತಿತು.

ಆದರೆ ನಮ್ಮ ಕ್ರಮ ನಿನಗೆ ಗೊತ್ತೇ ಇದೆ. ಹೆಸರಿಲ್ಲದ ವಸ್ತುವನ್ನು ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲೇ ಯಾರೂ ಬಾಯಿ ಬಿಡಬಾರದು, ಒಬ್ಬರು ಹೇಳಿದರೆ ಇನ್ನೊಬ್ಬರ ಕಣ್ಣಿಗೂ ಅದೇ ಬಣ್ಣ ಕಾಣತೊಡಗುತ್ತದೆ. ಆಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೇ ಹೆಸರು ಹೇಳಬೇಕು. ಎರಡೂ ಒಂದೇ ಆದರೆ ಮಾತ್ರ ಹೊಸ ಲೇಬಲ್.

ನನ್ನ ಪಾಲಿನದು ಮುಗಿಸಿದೆ. ನೀಲಿ ಲಿಟ್ಮಸ್ ಕೆಂಪಾಯಿತು. ಅಡುಗೆ ಸೋಡಾದ ನೀರಿಗೆ ಹಾಕಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಆಮ್ಲವೇನೋ ಹೌದು, ಆದರೆ ತೀರಾ ಸಾಧು. "ಇದಕ್ಕೂ ಸಿಟ್ಟಿದೆ, ಆದ್ರೆ ನಿನ್ನ ಥರ ಬುಸುಗುಡಲ್ಲ" ಎಂದು ಇಂಥದ್ದು ಸಿಕ್ಕಾಗೆಲ್ಲ ನೀನು ನನ್ನ ಕಾಲೆಳೆಯುತ್ತಿದ್ದೆ. ಬ್ರೋಮಿನ್ ನೀರಿನ ಬಣ್ಣ ಮಾಯವಾಗಿ ತಳದಲ್ಲಿ ಬೆಳ್ಳಗೆ ಪುಡಿ ಇಳಿಯಿತು. ಕೊನೆಗೆ ಫೆರಿಕ್ ಕ್ಲೋರೈಡ್. ಒಂದೇ ಹನಿ, ಕೊಳವೆ ತುಂಬ ನೇರಳೆ! ಪ್ರತಿಸಲವೂ ಮೊದಲ ಸಲ ಕಂಡವನಂತೆ ನೀನು "ಅಬ್ಬಬ್ಬಾ" ಅನ್ನುತ್ತಿದ್ದೆ. ತೋರಿಸೋಣವೆಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಇದ್ದದ್ದು ಸ್ಟೂಲು. ಹಾಳಾದ ಖಾಲಿ ಸ್ಟೂಲು.

ಇಂಥದ್ದನ್ನೇ ಬಿಸಿನೀರಲ್ಲಿಟ್ಟು ಕರಗಿಸುವಾಗ ನಿನ್ನ ಮುಂಗೈ ಮೇಲೆ ಹನಿ ಬಿದ್ದದ್ದು ನೆನಪಿದೆಯಾ? ನಿನಗೆ ಗೊತ್ತೇ ಆಗಲಿಲ್ಲ. ಚರ್ಮ ಬಿಳಿಚಿಕೊಂಡದ್ದು ಕಂಡು ನಾನೇ ಕಿರುಚಿದೆ. "ಏನೂ ನೋಯ್ತಿಲ್ಲ ಕಣೇ, ಸುಮ್ನಿರು" ಎಂದೆ ನೀನು. ಅದರ ಗುಣವೇ ಅದು, ಮೊದಲು ಮರಗಟ್ಟಿಸುತ್ತದೆ, ಆಮೇಲೆ ಸುಡುತ್ತದೆ. ಅಣ್ಣ ತೀರಿಕೊಂಡರು, ಅತ್ತಿಗೆ ಮಕ್ಕಳಿಗೆ ಆಸರೆಯಾಗಬೇಕು ಎಂದು ನೀನು ಊರಿಗೆ ಹೊರಟ ದಿನ, "ಹುಷಾರು" ಎಂದಷ್ಟೇ ಹೇಳಿ ನಾನು ಬ್ಯೂರೆಟ್ಟಿನ ಗಾಜಿನ ಕೊಳವೆ ತೊಳೆಯಲು ಹೋದೆ. ಆಗ ಏನೂ ಅನ್ನಿಸಲಿಲ್ಲ. ಈಗ ಸುಡುತ್ತಿದೆ ಕಣೋ.

ಅತ್ತಿಗೆಗೆ ಕೆಲಸ ಸಿಕ್ಕಿತೆಂದು ಹೋದ ತಿಂಗಳು ನೀನು ಬರೆದಿದ್ದೆ. "ಇನ್ನು ನಾನಿಲ್ಲದಿದ್ರೂ ಇಲ್ಲಿ ನಡೆಯುತ್ತೆ" ಎಂದೂ ಬರೆದಿದ್ದೆ. ಅದರ ಮುಂದೆ ಒಂದಕ್ಷರವಿಲ್ಲ. ಇತ್ತ ದೊಡ್ಡ ಸಾಹೇಬರು, "ಸೋಮವಾರದೊಳಗೆ ಅವನು ಬರ್ತೀನಿ ಅಂದ್ರೆ ಸರಿ, ಇಲ್ಲಾಂದ್ರೆ ಆ ಜಾಗಕ್ಕೆ ಬೇರೆಯವರನ್ನ ತಗೋತೀನಿ" ಎಂದುಬಿಟ್ಟಿದ್ದಾರೆ. ಗಾಜು ತೊಳೆಯುವ ಅಕ್ಕ ಅದನ್ನು ಕೇಳಿಸಿಕೊಂಡು ನನ್ನ ತಲೆಗೆ ಮೊಟಕಿದಳು. "ಊರಿಗೆಲ್ಲ ಗೊತ್ತಿರೋದನ್ನ ನೀವಿಬ್ರೂ ಇನ್ನೂ ಪರೀಕ್ಷೆ ಮಾಡ್ತಾನೇ ಇದ್ದೀರಲ್ಲೇ!"

ನಿಜವೇ. ಸೀಸೆಗಳಿಗೆಂದು ಇದ್ದ ನಿಯಮವನ್ನು ನಮಗೂ ಹಾಕಿಕೊಂಡು ಕೂತೆವು, ಪೆದ್ದರು. ನೀನೇ ಹೇಳಲಿ ಎಂದು ನಾನು, ನಾನೇ ಹೇಳಲಿ ಎಂದು ನೀನು. ಮೂರರವರೆಗೆ ಎಣಿಸುವವರೇ ಇರಲಿಲ್ಲ.

ಸೀಸೆಯಲ್ಲಿರುವುದು ಫಿನಾಲ್. ನೋಡು, ಮೊದಲೇ ಹೇಳಿಬಿಟ್ಟೆ. ಬೈಯುವುದಿದ್ದರೆ ಎದುರಿಗೆ ಬಂದು ಬೈ. ನಿಯಮ ಹೇಗೂ ಮುರಿದಾಯಿತು, ಇನ್ನೊಂದನ್ನೂ ಹೇಳುತ್ತೇನೆ: ನನಗೆ ನೀನೆಂದರೆ ಪ್ರೀತಿ. ಸೋಮವಾರದೊಳಗೆ ಬಾ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ಏನೇ ನಿರ್ಧಾರ ಮಾಡಿದರೂ ಚೆನ್ನಾಗಿರು. ಸೀಸೆಗೆ ಖಾಲಿ ಲೇಬಲ್ ಅಂಟಿಸಿಟ್ಟಿದ್ದೇನೆ, ಹೆಸರು ನಿನ್ನ ಕೈಯಲ್ಲೇ ಬರೆಸಬೇಕು.

ನಿನ್ನ ಪಕ್ಕದ ಸ್ಟೂಲಿನವಳು