ಅಪ್ಪನ ಹೆಸರನ್ನು ತೆಗೆದದ್ದು ನಾನೇ

ನಾನಾಕುಲಿ, ಓಆಹು ದ್ವೀಪ
ಭಾನುವಾರ, 12 ಸೆಪ್ಟೆಂಬರ್ 1976

ಪ್ರೀತಿಯ ಎನೋಕಾ ಅಣ್ಣನಿಗೆ ತಂಗಿ ಮೊಮಿಯ ಅಲೋಹಾ.

ನಿನ್ನ ಕಾಲಿನ ಹೆಬ್ಬೆರಳಿನ ಊತ ಇಳಿಯಿತೇ? ಡಾಕ್ಟರು ಹೇಳಿದಂತೆ ಮಾಂಸ ಬಿಟ್ಟಿದ್ದೀಯೋ, ಇಲ್ಲ ಬರ್ನಿಸ್ ಅತ್ತಿಗೆ ಕೆಲಸಕ್ಕೆ ಹೊರಟ ಕೂಡಲೇ ಹಂದಿಮಾಂಸದ ಡಬ್ಬಿ ತೆರೆಯುತ್ತೀಯೋ? ಅತ್ತಿಗೆಗೆ ಹೇಳು, ಸಿಂಕಿನ ಕೆಳಗೆ ಬಕೆಟ್ಟಿನ ಹಿಂದೆ ಹುಡುಕಲಿ. ಚಿಕ್ಕಂದಿನಿಂದಲೂ ನೀನು ಬಚ್ಚಿಡುವ ಜಾಗ ಅದೊಂದೇ. ನಿಮ್ಮ ಗಾರ್ಡೇನಾದ ಅಂಗಡಿಯವರು ಕೆಸುವಿನ ಗಡ್ಡೆಗೆ ಬರೀ ನೀರು ಸುರಿದು ಪೋಯಿ ಅಂಬಲಿ ಎಂದು ಮಾರುತ್ತಾರೆ ಎಂದು ನೀನು ಬರೆದಿದ್ದೆ. ಒಣಗಿಸಿದ ಆಕು ಮೀನನ್ನು ಬೇರೆ ಪೊಟ್ಟಣ ಮಾಡಿ ಕಳಿಸಿದ್ದೇನೆ, ಇಷ್ಟರಲ್ಲಿ ಬಂದಿರಬೇಕು. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ, ಅಷ್ಟು ಬಿಟ್ಟರೆ ಅಂಥದ್ದೇನಿಲ್ಲ.

ಇನ್ನು ಜಗಳದ ವಿಷಯ. ಮಂಗಳವಾರ ನೀನು ಫೋನಿನಲ್ಲಿ “ನೀನು ಅಪ್ಪನ ಮಗಳೇ ಅಲ್ಲ ಕಣೇ” ಎಂದು ಕೂಗಿ ಫೋನ್ ಕುಕ್ಕಿದೆ. ನನಗೆ ಒಂದು ಮಾತೂ ಆಡಲು ಬಿಡಲಿಲ್ಲ. ಕಾಗದವನ್ನು ಹಾಗೆ ಕುಕ್ಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ, ಕೂತು ಪೂರ್ತಿ ಓದು. ಹೌದು, ಅಪ್ಪನ ಹೆಸರನ್ನು ತೆಗೆದದ್ದು ನಾನೇ. ಯಾರೋ ನನ್ನ ಕೈಹಿಡಿದು ಬರೆಸಲಿಲ್ಲ. ಪಶ್ಚಾತ್ತಾಪವೂ ಇಲ್ಲ. ನಾಳೆ ಮತ್ತೆ ಕೇಳಿದರೂ ಇದನ್ನೇ ಮಾಡುತ್ತೇನೆ.

ನಿನಗೆ ಯಾರು ಏನು ಕಿವಿಯೂದಿದರೋ ಗೊತ್ತಿಲ್ಲ, ನಡೆದದ್ದನ್ನು ನಾನು ಹೇಳುತ್ತೇನೆ. ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಒಂದು ಕೋಆ ಮರದ ಹಲಗೆ ಹಾಕಬೇಕು, ಅದರ ಮೇಲೆ ಇಲ್ಲಿಯವರೆಗಿನ ಹತ್ತು ಅತಿ ದೊಡ್ಡ ಸ್ಟೀಲ್ ಗಿಟಾರ್ ವಾದಕರ ಹೆಸರು ಕೆತ್ತಿಸಬೇಕು ಎಂದು ರೆಕಾರ್ಡ್ ಅಂಗಡಿಯ ಹೆನ್ರಿ ಚೊಕ್ ಹೊರಟ. ಐದು ಜನರ ಸಮಿತಿ ಮಾಡಿದ. ಸಿಮಿಯೋನಾ ನಾಹಿನು ಅವರ ಮಗಳು ಎಂದು ನನ್ನನ್ನೂ ಕೂರಿಸಿದ. ಮೊದಲ ಹೆಸರಿಗೆ ಯಾರದೂ ತಕರಾರಿಲ್ಲ: ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕು ಜಾರಿಸಿ ಇದನ್ನೆಲ್ಲ ಶುರುಮಾಡಿದ ಲಾಯೆ ಊರಿನವನದು. ಎರಡನೆಯ ಹೆಸರಿನಿಂದ ಹಿಡಿದು ಮೂರು ಭಾನುವಾರ ಬರೀ ಕಚ್ಚಾಟ. ಚೊಕ್‌ಗೆ ರೆಕಾರ್ಡ್ ಎಷ್ಟು ಮಾರಿತು ಎನ್ನುವುದೇ ದೊಡ್ಡಸ್ತಿಕೆ. ಮುದುಕ ಮನು ಆಪೋಗೆ ವೇಗ ಬೇಕು; “ಬೆರಳು ಕಣ್ಣಿಗೆ ಕಾಣಬಾರದು, ಕಂಡ್ರೆ ಅವನು ವಾದಕನೇ ಅಲ್ಲ” ಅನ್ನುತ್ತಾನೆ. ಹಾಗಾದರೆ ಹೊಲಿಗೆ ಯಂತ್ರದ ಹೆಸರು ಕೆತ್ತಿಸು ಎಂದೆ. ಎರಡು ವಾರ ಮಾತು ಬಿಟ್ಟ.

ಕೊನೆಗೆ ನಾನೇ ಒಂದು ದಾರಿ ಹೇಳಿದೆ. ಯಾರ ಹೆಸರು ಬೇಕೋ ಹೇಳಿ, ಆದರೆ ಅವರ ಹತ್ತಿರ ಕಲಿತವರೋ, ಕಲಿತವರಿಂದ ಕಲಿತವರೋ ಒಬ್ಬರು ಬಂದು ಈ ಕುರ್ಚಿಯಲ್ಲಿ ಕೂತು ನುಡಿಸಬೇಕು. ನುಡಿಸುವವರು ಇದ್ದರೆ ಹೆಸರು ಹಲಗೆಗೆ, ಇಲ್ಲದಿದ್ದರೆ ಇಲ್ಲ. ಎಲ್ಲರೂ ಭೇಷ್ ಅಂದರು. ಬೇರೆಯವರ ಹೆಸರು ಬೀಳುತ್ತಿದ್ದಾಗ ಆ ನಿಯಮ ಎಲ್ಲರಿಗೂ ಬಹಳ ಚೆನ್ನಾಗಿ ಕಂಡಿತು ನೋಡು! ಒಂಬತ್ತು ಹೆಸರಿಗೆ ಕುರ್ಚಿ ತುಂಬಿತು. ಹತ್ತನೆಯದಕ್ಕೆ ಅಪ್ಪನ ಹೆಸರು ಬಂತು. ಕುರ್ಚಿ ಖಾಲಿ.

“ಆಂಟಿ, ಸಿಮಿಯೋನಾನ ಬಿಟ್ಟು ಪಟ್ಟೀನಾ? ಊರು ನಗುತ್ತೆ. ನಿಯಮ ನಿಮ್ದೇ ತಾನೇ, ಒಂದು ಸಲ ಕಣ್ಮುಚ್ಕೊಳ್ಳಿ” ಎಂದ ಚೊಕ್. ಆಗಲ್ಲ ಎಂದೆ. ಹಾಗಿದ್ದರೆ ನೀವೇ ಕೂತು ನುಡಿಸಿ, ಮಗಳಲ್ಲವೇ ಎಂದು ಮನು ಕೆಣಕಿದ. “ನಮ್ಮಪ್ಪ ನಂಗೆ ಕಲಿಸಿಲ್ಲ” ಎಂದೆ. ಅದು ನಿಜ ಅಣ್ಣಾ. ಕೈ ಎತ್ತಿಸಿದರು: ಹೆಸರು ತೆಗೆಯಲು ಮೂವರು, ಬೇಡವೆಂದು ಇಬ್ಬರು; ಮೂರನೆಯ ಕೈ ನನ್ನದು. ಆ ಜಾಗಕ್ಕೆ ಬೇರೆ ದ್ವೀಪದ, ಹಿಲೋ ಕಡೆಯ ಎಲಿಯಾ ಪೂಲೆ ಬಂದ. ಕಬ್ಬಿನ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಒಂದೇ ಒಂದು ರೆಕಾರ್ಡ್ ಇಲ್ಲ, ಕೈಯೂ ನಿಧಾನ. ಆದರೆ ಅವನಿಂದ ಕಲಿತ ಹದಿನೆಂಟು ಜನರಲ್ಲಿ ಐವರು ಅವತ್ತು ವಿಮಾನ ಹತ್ತಿ ಬಂದಿದ್ದರು. ಐವರೂ ಒಟ್ಟಿಗೆ ನುಡಿಸಿದಾಗ ಮನುವಿನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಗಡಿ ಅಂತ ಹೇಳಿಕೊಂಡ.

ಅಂದಿನಿಂದ ನನ್ನ ಪಾಡು ಕೇಳಬೇಡ. ಇಗರ್ಜಿಯಲ್ಲಿ ನನ್ನ ಬೆಂಚಿನ ಮೇಲೆ ನಾನೊಬ್ಬಳೇ. ಪಕ್ಕದ ಮನೆಯ ಎಮ್ಮಾ ನನ್ನ ಬೋಗುಣಿಯನ್ನು ಖಾಲಿಯಾಗಿ ವಾಪಸು ತಂದಿಟ್ಟಳು. ಒಂದು ಬಾಳೆಹಣ್ಣೂ ಇಲ್ಲ, ಒಂದು ಹಿಡಿ ಉಪ್ಪೂ ಇಲ್ಲ, ಬರೀ ಬೋಗುಣಿ! ನಲವತ್ತು ವರ್ಷದಲ್ಲಿ ಮೊದಲ ಸಲ. ನಾನೂ ಅದನ್ನು ಅವಳ ಕಣ್ಣೆದುರೇ ತೊಳೆದು, ಒರೆಸಿ, ಮತ್ತೆ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲಾವ್‌ಲಾವ್ ತುಂಬಿ ಅವಳ ಬಾಗಿಲಲ್ಲಿ ಇಟ್ಟು ಬಂದೆ. ಸಿಟ್ಟು ಮಾಡಿಕೊಳ್ಳುವುದಾದರೆ ಹೊಟ್ಟೆ ತುಂಬ ತಿಂದು ಮಾಡಿಕೊಳ್ಳಲಿ.

ಅಪ್ಪ ದೊಡ್ಡ ವಾದಕ ಅಲ್ಲ ಎಂದು ನಾನು ಯಾವತ್ತಾದರೂ ಹೇಳಿದ್ದೇನೆಯೇ? ಅವನ ಉಕ್ಕು ತಂತಿಯ ಮೇಲೆ ಜಾರಿದರೆ ಹೋಟೆಲಿನ ಬಾಣಸಿಗರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಆದರೆ ತಂತಿಗಳನ್ನು ಹೊಂದಿಸುವ ಆ ಶ್ರುತಿ ಅವನೊಬ್ಬನದು. ಸಿಗರೇಟಿಗೆ ಎದ್ದು ಹೋಗುವ ಮೊದಲು, ಬೇರೆಯವರಿಗೆ ತಿಳಿಯದಿರಲೆಂದು, ಆರೂ ತಂತಿಗಳ ಬಿರಡೆಯನ್ನು ಎರಡೆರಡು ಸುತ್ತು ಸಡಿಲಿಸಿಯೇ ಹೋಗುತ್ತಿದ್ದ. ಆಗಿನ ಎಷ್ಟೋ ಜನ ಹಾಗೆ ಮಾಡುತ್ತಿದ್ದರು ನಿಜ, ಅನ್ನದ ಪ್ರಶ್ನೆ. ಆದರೆ ಮನೆಯಲ್ಲಿ? ಸ್ವಂತ ಹೆಂಡತಿಯ ಎದುರು? ನಿನ್ನನ್ನು ಎರಡು ವರ್ಷ ಕೋಣೆಯೊಳಗೆ ಕೂರಿಸಿಕೊಂಡ, ಹಿರಿಮಗ ಎಂದು. ನಿನ್ನ ಮನಸ್ಸು ಹಡಗಿನ ಎಂಜಿನ್ನಿನಲ್ಲಿತ್ತು, ಕೈಗೆ ಏನೂ ಹತ್ತಲಿಲ್ಲ. ಬಾಗಿಲಾಚೆ ಅವನ ಬಿಳಿ ಪ್ಯಾಂಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ನಾನು. ಕಲಿಯುತ್ತೀಯಾ ಮೊಮಿ ಎಂದು ಒಂದೇ ಒಂದು ದಿನ ಕೇಳಲಿಲ್ಲ.

ಐವತ್ತೊಂದರಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಹನ್ನೊಂದು ದಿನ ಕೂತವಳೂ ನಾನೇ. ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ, ಆ ಶ್ರುತಿ ಹೇಳಪ್ಪ ಎಂದು. “ಎನೋಕಾ ಬರ್ಲಿ, ಅವನಿಗೆ ಹೇಳ್ತೀನಿ” ಎಂದ. ನಿನ್ನ ಹಡಗು ನಾಲ್ಕು ದಿನ ತಡವಾಗಿ ಬಂತು. ಅದರಲ್ಲಿ ನಿನ್ನ ತಪ್ಪಿಲ್ಲ, ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಮಣ್ಣು ಮಾಡಿ ಬಂದು ಅಮ್ಮ ಪೆಟ್ಟಿಗೆ ತೆರೆದಾಗ ಆರೂ ತಂತಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದ್ದವು. ಅವತ್ತು ನನಗೆ ಬಂದದ್ದು ಅಳುವಲ್ಲ, ಕೋಪ. ಇಪ್ಪತ್ತೈದು ವರ್ಷವಾದರೂ ಅದು ಆರಿಲ್ಲ. ಅಪ್ಪನನ್ನು ನಾನು ಪ್ರೀತಿಸುತ್ತೇನೆ, ಅವನ ಮೇಲೆ ಕೋಪವೂ ಇದೆ. ಎರಡೂ ನನ್ನವೇ, ಯಾವುದನ್ನೂ ಬಿಟ್ಟುಕೊಡುವುದಿಲ್ಲ.

ಈಗ ಇದನ್ನು ಓದಿ ಎದೆ ಹಿಡಿದುಕೊಳ್ಳಬೇಡ. ಆ ಶ್ರುತಿಯನ್ನು ನಾನು ಹುಡುಕಿದ್ದೇನೆ. ಅಪ್ಪ ಶ್ರುತಿ ಮಾಡುವಾಗ ಗುಟ್ಟಾಗಿ, ಮೆಲ್ಲಗೆ ಮಾಡುತ್ತಿದ್ದ. ಬಿಚ್ಚುವಾಗ ಮಾತ್ರ ಹೆಬ್ಬೆರಳಿನಿಂದ ಮೀಟುತ್ತಾ ಸಡಿಲಿಸುತ್ತಿದ್ದ. ತಂತಿ ಗೊಣಗುತ್ತಾ ಇಳಿಯುವುದು ಇಸ್ತ್ರಿ ಮೇಜಿನವರೆಗೂ ಕೇಳುತ್ತಿತ್ತು. ಆ ಗೊಣಗಾಟವನ್ನು ನೆನಪಿನಲ್ಲಿ ಹಿಂದುಮುಂದು ಮಾಡಿ, ಇಳಿದದ್ದನ್ನು ಏರಿಸುತ್ತಾ ಹೋದೆ. ವರ್ಷಗಳೇ ಹಿಡಿದವು. ಈಗ ಅದನ್ನು ಲುವಾನಾಗೆ ಹೇಳಿಕೊಡುತ್ತಿದ್ದೇನೆ. ನಮ್ಮ ಊರಿನ ಬಸ್ ಓಡಿಸುವವಳು, ಮೂವತ್ತನಾಲ್ಕು ವಯಸ್ಸು, ಎರಡು ಮಕ್ಕಳ ತಾಯಿ. ಗುರುವಾರ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಜಗಲಿಯಲ್ಲಿ ಕೂರುತ್ತಾಳೆ. ನಮ್ಮ ರಕ್ತ ಅಲ್ಲ ಎಂದು ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಅಲ್ಲ, ಏನೀಗ? ನುಡಿಸಿ ಎದ್ದುಹೋಗುವಾಗ ಬಿರಡೆ ಮುಟ್ಟಕೂಡದು ಎಂದು ಅವಳಿಗೆ ಮೊದಲ ದಿನವೇ ಹೇಳಿದ್ದೇನೆ. ಗಿಟಾರ್ ಜಗಲಿಯ ಮೇಲೆ ಶ್ರುತಿಯಲ್ಲೇ ಇರುತ್ತದೆ. ಯಾರು ಬೇಕಾದರೂ ಬಂದು ಮೀಟಿ ನೋಡಲಿ, ಬರೆದುಕೊಂಡು ಹೋಗಲಿ.

ಹಾಗಾದರೆ ಲುವಾನಾಳನ್ನೇ ಆ ಕುರ್ಚಿಯಲ್ಲಿ ಕೂರಿಸಬಹುದಿತ್ತಲ್ಲ ಎನ್ನುತ್ತೀಯಾ? ಬಾಗಿಲಾಚೆ ನಿಂತು ಕದ್ದದ್ದನ್ನು ಅಪ್ಪ ಕಲಿಸಿದ್ದು ಎಂದು ಸಭೆಯಲ್ಲಿ ನಾನು ಹೇಗೆ ಹೇಳಲಿ? ಹಲಗೆಗಾಗಿ ಸುಳ್ಳು ಹೇಳುವವಳಲ್ಲ ನಾನು. ಹೆಸರು ತೆಗೆದದ್ದು ತೆಗೆದದ್ದೇ.

ಬರ್ನಿಸ್ ಅತ್ತಿಗೆಗೆ ನನ್ನ ಅಪ್ಪುಗೆ, ಮೊಮ್ಮಕ್ಕಳ ಕೆನ್ನೆಗೆ ಮುತ್ತು. ನಿನ್ನ ಸಿಟ್ಟು ಇನ್ನೂ ಇದ್ದರೆ ಇರಲಿ, ಕಾಲು ಮಾತ್ರ ಬೇಗ ವಾಸಿಯಾಗಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸಿಂಕಿನ ಕೆಳಗಿನ ಡಬ್ಬಿಯಿಂದ ದೂರ ಇಟ್ಟಿರಲಿ.

ಅಪ್ಪನ ಮಗಳೇ ಆದ,
ಮೊಮಿ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಹುಡುಕಿದ್ದೇನೆ ಎಂದು ಮೇಲೆ ಜಂಬ ಕೊಚ್ಚಿದ್ದೇನಲ್ಲ, ಐದು ತಂತಿ ಮಾತ್ರ ಖಚಿತ. ನಾಲ್ಕನೆಯದನ್ನು ಆ ಕಿಲಾಡಿ ಮೀಟದೆಯೇ ಸಡಿಲಿಸುತ್ತಿದ್ದ. ಅದಕ್ಕೆ ಎರಡು ಸ್ವರ ಹೊಂದುತ್ತವೆ, ಒಂದು ದಿನ ಇದು ಸರಿ ಅನ್ನಿಸುತ್ತದೆ, ಮರುದಿನ ಅದು. ಈಸ್ಟರ್ ಆದಮೇಲೆ ನನ್ನ ಬಲಗಿವಿ ಪೂರ್ತಿ ಹೋಯಿತು ಅಣ್ಣಾ, ಎಡಗಿವಿಯೂ ಕ್ರಿಸ್‌ಮಸ್ ದಾಟುವುದಿಲ್ಲ ಎಂದರು ಡಾಕ್ಟರು. ಯಾರಿಗೂ ಹೇಳಿಲ್ಲ. ಅಪ್ಪ ಶ್ರುತಿ ಮಾಡುವಾಗ ನಿನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದನಲ್ಲ, ಕಣ್ಣಿಗೆ ಕಾಣದಿದ್ದರೂ ನಿನ್ನ ಕಿವಿಗೆ ಬಿದ್ದೇ ಬಿದ್ದಿದೆ. ಅದನ್ನು ಅಷ್ಟು ಹತ್ತಿರದಿಂದ ಕೇಳಿದವರು ಈಗ ಬದುಕಿರುವುದು ನೀನೊಬ್ಬನೇ. ಬಾ. ಹಲಗೆಗಾಗಿ ಅಲ್ಲ, ತಪ್ಪು ತಂತಿ ಕಲಿಸಿ ಹೋಗಲು ನನಗೆ ಇಷ್ಟವಿಲ್ಲ. ಲುವಾನಾ ಎರಡೂ ನುಡಿಸುತ್ತಾಳೆ, ಯಾವುದು ಅಪ್ಪನದು ಅಂತ ಕೈ ಎತ್ತು ಸಾಕು. ಆಮೇಲೆ ಬೇಕಾದಷ್ಟು ಬೈಯಿ, ಹೇಗೂ ನನಗೆ ಕೇಳಿಸುವುದಿಲ್ಲ.