ನೀವು ಬಂಜರೆಂದ ಹುಲ್ಲುಗುಡ್ಡ

ಹಸಿರೀಕರಣ ಯೋಜನೆಯ ಮೇಲಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಪ್ರಶಂಸಾಪತ್ರ ತಲುಪಿತು. ಆದಿವಾಸಿಗಳ ಮನವೊಲಿಸಿ ಬಂಜರು ಭೂಮಿಯನ್ನು ಹಸಿರಾಗಿಸಲು ನೆರವಾದದ್ದಕ್ಕೆ ನಮ್ಮ ಪುಟ್ಟ ಸೇವಾಸಂಸ್ಥೆಯನ್ನು ಅದರಲ್ಲಿ ಕೊಂಡಾಡಿದ್ದೀರಿ. ಅದನ್ನು ಹಿಂದಿರುಗಿಸುತ್ತಿದ್ದೇನೆ. ಆ ಭೂಮಿ ಬಂಜರಾಗಿರಲಿಲ್ಲ. ಮನವೊಲಿಸಿದ್ದು ಮಾತ್ರ ನಿಜ. ಒಲಿಸಿದವಳು ನಾನೇ, ನಾನು ಹೇಳಿದ್ದು ಸುಳ್ಳಾಯಿತು.

ನಮ್ಮದು ಐದು ಜನರ ಸಂಸ್ಥೆ. ಇಬ್ಬರು ನಿವೃತ್ತ ನರ್ಸುಗಳು, ಅವರಲ್ಲಿ ನಾನೊಬ್ಬಳು. ಒಬ್ಬ ಬಡಗಿ, ಒಬ್ಬ ಡ್ರೈವರ್, ಔಷಧದಂಗಡಿ ಮುಚ್ಚಿ ಬಂದ ಒಬ್ಬರು ಹಿರಿಯರು. ಹನ್ನೊಂದು ವರ್ಷಗಳಿಂದ ಪ್ರತಿ ಗುರುವಾರ ಕಾಡಂಚಿನ ಮೂವತ್ತು ಗುಡಿಸಲುಗಳ ಊರಿಗೆ ಹೋಗಿ, ಮರದಡಿ ಮೇಜು ಹಾಕಿಕೊಂಡು ಜ್ವರ, ಕೆಮ್ಮು, ಗಾಯ ನೋಡುತ್ತೇವೆ. ಮೊದಲೆರಡು ವರ್ಷ ನಮ್ಮ ಮೇಜಿನ ಬಳಿ ಕೋಳಿಗಳನ್ನು ಬಿಟ್ಟರೆ ಯಾರೂ ಸುಳಿಯಲಿಲ್ಲ. ಮೊದಲು ಬಂದವಳು ಊರೆಲ್ಲ ಗಡ್ಡೆಯಜ್ಜಿ ಎಂದು ಕರೆಯುವ ಮುದುಕಿ. ಕಾಲಿನ ಹುಣ್ಣು ತೋರಿಸಿದಳು. ಅದು ಮಾಯ್ದ ಮೇಲೆ ಉಳಿದವರು ಬಂದರು. ಊರಿನ ನೆತ್ತಿಯ ಮೇಲಿರುವ ಹುಲ್ಲುಗುಡ್ಡದಲ್ಲಿ ಯಾವ ಬಳ್ಳಿಯ ಕೆಳಗೆ ಯಾವ ಗಡ್ಡೆ ಎಂಬುದು ಅವಳಿಗೆ ಅಂಗೈಯ ಗೆರೆಯಂತೆ ಗೊತ್ತು. ಕಾಳು ಮುಗಿದ ತಿಂಗಳುಗಳಲ್ಲಿ ಆ ಊರು ಉಣ್ಣುವುದು ಆ ಗಡ್ಡೆಗಳನ್ನೇ. ಅಗೆದ ಮೇಲೆ ಬಳ್ಳಿಯ ಬುಡವನ್ನು ಮತ್ತೆ ಹೂಳದೆ ಅವಳು ಎದ್ದದ್ದನ್ನು ನಾನು ಕಂಡಿಲ್ಲ. ನಿಮ್ಮ ಕಡತಗಳಲ್ಲಿ ಇದಕ್ಕೆ ದೊಡ್ಡ ಹೆಸರಿರಬಹುದು. ಅವಳು ‘ನಾಳೆಗೂ ಬೇಕಲ್ಲ’ ಎನ್ನುತ್ತಾಳೆ, ಅಷ್ಟೇ.

ಹೋದ ವರ್ಷ, ಆ ಊರಿಗೆ ಹೋಗಲು ನಿಮ್ಮ ಕಚೇರಿ ಕೊಡುವ ಪ್ರವೇಶ ಪರವಾನಗಿಯ ಅವಧಿ ಮುಗಿಯಿತು. ನವೀಕರಿಸಲು ಹೋದಾಗ ನಿಮ್ಮ ಗುಮಾಸ್ತರು ಒಂದು ಒಪ್ಪಿಗೆಪತ್ರ ಕೊಟ್ಟು, ಊರಿನವರ ಹೆಬ್ಬೆಟ್ಟು ಹಾಕಿಸಿ ತರಲು ಹೇಳಿದರು. ಗಿಡ ನೆಡುವ ಜಾಗಕ್ಕೆ ಅದರಲ್ಲಿ ಇದ್ದದ್ದು ಬರೀ ಸರ್ವೆ ನಂಬರು. ಯಾವ ಜಾಗವೆಂದು ಕೇಳಿದೆ. ಅವರು ತಲೆಯೆತ್ತದೆ, “ಆಚೆ ಇಳಿಜಾರು ಮೇಡಂ, ಬೆಂಕಿ ಬಿದ್ದಿತ್ತಲ್ಲ, ಅದೇ” ಎಂದರು. ನಂಬಿದೆ. ನಕ್ಷೆ ತೋರಿಸಿ ಎನ್ನಲು ನನಗೇನು ಧಾಡಿಯಾಗಿತ್ತೋ ತಿಳಿಯದು.

ಅಜ್ಜಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಸಿಸ್ಟರಮ್ಮ, ಇದನ್ನ ನೀನು ಓದಿದ್ದೀಯಾ?”

“ಓದಿದ್ದೀನಿ ಅಜ್ಜಿ. ಸುಟ್ಟುಹೋದ ಇಳಿಜಾರಲ್ಲಿ ಗಿಡ ನೆಡ್ತಾರಂತೆ.”

“ನೀನು ಓದಿದ್ರೆ ಸಾಕು ಬಿಡು.” ಮೊದಲ ಹೆಬ್ಬೆಟ್ಟು ಅವಳೇ ಒತ್ತಿದಳು.

ಎರಡು ವಾರದಲ್ಲಿ ಯಂತ್ರಗಳು ಬಂದವು. ಇಳಿಜಾರಿಗಲ್ಲ, ಹುಲ್ಲುಗುಡ್ಡಕ್ಕೆ. ಗುಂಡಿ ತೋಡಿ ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಟ್ಟು ಸುತ್ತ ತಂತಿಬೇಲಿ ಹಾಕಿದರು. ಮರವಿಲ್ಲದ ಜಾಗವೆಲ್ಲ ಬಂಜರು ಎಂಬುದು ನಿಮ್ಮ ವಾದ. ಹಾಗಾದರೆ ನಿಮ್ಮ ಕಚೇರಿಯ ಮುಂದಿನ ಹುಲ್ಲುಹಾಸಿಗೆ ದಿನಕ್ಕೆರಡು ಸಲ ನೀರು ಬಿಡುವುದೇಕೆ? ಅಲ್ಲಿಯೂ ನಾಲ್ಕು ಗುಂಡಿ ತೋಡಿಸಬಾರದೇ?

ಮಳೆ ನಿಂತ ಮೇಲೆ ಅಜ್ಜಿ ಗಡ್ಡೆ ಅಗೆಯಲು ಬೇಲಿ ನುಸುಳಿದಳು. ಕಾವಲುಗಾರ ಹಿಡಿದ. ಸಸಿಗಳ ಬೇರಿಗೆ ಹಾನಿ ಮಾಡಿದಳೆಂದು ಅಗೆಯುವ ಕೋಲನ್ನು ಕಿತ್ತುಕೊಂಡು, ನಿಮ್ಮ ಸಿಬ್ಬಂದಿ ಸಂಜೆಯವರೆಗೆ ಕಾವಲುಮನೆಯಲ್ಲಿ ಕೂರಿಸಿದರು. ಕರೆತರಲು ಹೋದವಳು ನಾನು. ಊರು ಹತ್ತಿರವಾದಾಗ ಅವಳು ನಿಂತು ಹೇಳಿದಳು: “ಅವರ ಮೇಲೆ ನಂಗೆ ಸಿಟ್ಟಿಲ್ಲ. ಅವರು ಯಾರೋ ಏನೋ. ನೀನು ಯಾರು ಅಂತ ಗೊತ್ತಿತ್ತು.”

ಆಮೇಲೆ ನಿಮ್ಮ ಕಚೇರಿಗೆ ಏಳು ಸಲ ಅಲೆದೆ. ನಿಮ್ಮ ದರ್ಶನವಾಗಲಿಲ್ಲ. ಗುಮಾಸ್ತರು ಸಿಕ್ಕರು. “ನೀವು ಇಳಿಜಾರು ಅಂದಿದ್ರಿ” ಎಂದೆ.

“ಅಂದಿರಬಹುದು ಮೇಡಂ. ಕಾಗದದಲ್ಲಿ ಅಂದಿಲ್ಲವಲ್ಲ.”

ಈ ಮಾತಿಗೆ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ಪರವಾನಗಿಯೇನೋ ಸಿಕ್ಕಿತು. ಗುರುವಾರ ಹೋಗುತ್ತೇವೆ, ಮೇಜು ಹಾಕುತ್ತೇವೆ. ಯಾರೂ ಬರುವುದಿಲ್ಲ. ಯಾರೂ ಬೈಯುವುದೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೊನ್ನೆ ಹತ್ತಿರದ ಗುಡಿಸಲೊಳಗೆ ಒಂದು ಮಗು ಕೆಮ್ಮುತ್ತಿತ್ತು. ಎದೆಯಲ್ಲಿ ಕಫ ಕಟ್ಟಿದ ಕೆಮ್ಮು. ನಲವತ್ತು ವರ್ಷ ಕೇಳಿದ ಕಿವಿಗೆ ಗೊತ್ತಾಗುತ್ತದೆ. ಔಷಧಿ ಹಿಡಿದು ಬಾಗಿಲವರೆಗೆ ಹೋದೆ. ಒಳಗೆ ತಾಯಿ ನನ್ನನ್ನು ನೋಡಿದಳು, ಮಗುವಿನ ಬಾಯಿಯ ಮೇಲೆ ಅಂಗೈ ಇಟ್ಟಳು. ಆ ಮಗುವನ್ನು ಹೆರಿಸಿದ್ದು ಇದೇ ಕೈಗಳು. ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು ಬಂದೆ. ಮಧ್ಯಾಹ್ನ ನಾವು ಹೊರಡುವಾಗಲೂ ಅದು ಅಲ್ಲೇ ಇತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಗುರುವಾರ ನಕ್ಷೆ ಹಿಡಿದು ಬನ್ನಿ. ಆ ಗುಡ್ಡದ ಮೇಲೆ ನಿಂತು, ತಪ್ಪು ಜಾಗ ಹೇಳಿ ಪಡೆದ ಹೆಬ್ಬೆಟ್ಟುಗಳು ಇವು ಎಂದು ಊರಿನವರೆದುರು ಓದಿ, ಒಪ್ಪಿಗೆಪತ್ರವನ್ನು ರದ್ದು ಮಾಡಿ. ಅಷ್ಟು ಆಗದಿದ್ದರೆ, ಬೇಲಿಗೆ ಒಂದು ಬಾಗಿಲನ್ನಾದರೂ ಇಡಿಸಿ. ಅಜ್ಜಿಯ ಕೋಲನ್ನು ವಾಪಸು ಕೊಡಿ. ಅವಳಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಅವಳಿಗೆ ವಯಸ್ಸಾಗಿದೆ. ನೀವು ಬರುತ್ತೀರೆಂಬ ನಂಬಿಕೆ ನನಗಿಲ್ಲ. ಬರೆಯುವುದನ್ನು ಬಿಟ್ಟು ಬೇರೆ ದಾರಿಯೂ ಕಾಣುತ್ತಿಲ್ಲ.

ಇಂತಿ,
ಓದು ಬರಹ ಬಲ್ಲವಳೊಬ್ಬಳು