ಕಂಡಿಕೆ ಮುಗಿದ ಮೇಲೂ ಬಡಿದ ಮಗ್ಗ

ರಬಕವಿ
ಗುರುವಾರ, 12 ಫೆಬ್ರುವರಿ 2026
ನಸುಕಿನ ಎರಡೂ ಮುಕ್ಕಾಲು

ಪ್ರೀತಿಯ ಅತ್ತೆಯವರಿಗೆ ನಿಮ್ಮ ಪೂರ್ಣಿಮಾಳ ನಮಸ್ಕಾರಗಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಮಗ್ಗದ ಸದ್ದಿನಿಂದ ಎಚ್ಚರವಾಯಿತು. ಈ ಓಣಿಯಲ್ಲಿ ಮಗ್ಗದ ಸದ್ದಿಗೆ ಯಾರಾದರೂ ಏಳುತ್ತಾರೆಯೇ ಎಂದು ನೀವು ನಗಬಹುದು. ಆದರೆ ಇದು ನೇಯುವ ಸದ್ದಲ್ಲ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದು ಬರಿ ಲಾಳಿ ಆ ಕಡೆ ಈ ಕಡೆ ಬಡಿದುಕೊಳ್ಳುವ ಸದ್ದು. ನಮ್ಮ ಹಳೆಯ ಮಗ್ಗಕ್ಕೆ ತಾನಾಗಿ ನಿಲ್ಲಲು ಬರುವುದಿಲ್ಲ, ಅದು ನಿಮಗೇ ಗೊತ್ತು. ನಿಮ್ಮ ಮಗ ಅದನ್ನು ಎರಡು ಏಟಿನ ಮೇಲೆ ಮೂರನೆಯದು ಹೊಡೆಯಲು ಬಿಡುವವರಲ್ಲ. ನಾನು ಹಾಸಿಗೆಯಲ್ಲೇ ಹತ್ತರವರೆಗೆ ಎಣಿಸಿದೆ. ಆಮೇಲೆ ಎದ್ದು ಓಡಿದೆ.

ತಡೆಯಿರಿ, ಮೊದಲು ನಿಮ್ಮನ್ನು ಕೇಳಬೇಕು. ಮೊಣಕಾಲು ಹೇಗಿದೆ? ಮುಧೋಳದಲ್ಲಿ ನಸುಕಿನ ಚಳಿ ಹೆಚ್ಚಂತೆ, ನಾದಿನಿ ನಂದಾಳ ಮನೆಯ ಕಲ್ಲು ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ. ಬಾಣಂತಿಗೆ ನೀರು ಹಾಕಲು ಬಗ್ಗಿ ಏಳುವಾಗ ಗೋಡೆ ಹಿಡಿದುಕೊಳ್ಳಿ. ಕೂಸು ರಾತ್ರಿ ನಿದ್ದೆ ಕೊಡುತ್ತದೆಯೇ? ಇಲ್ಲಿ ನಿಮ್ಮ ಮೊಮ್ಮಗ ಅಮಿತ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾನೆ, ಐದನೆಯದಕ್ಕೆ ಕುಳಿತು ತಾನೇ ಚಪ್ಪಾಳೆ ತಟ್ಟುತ್ತಾನೆ. ನಿಮ್ಮ ಹೊದಿಕೆ ಇಲ್ಲದೆ ಮಲಗುವುದಿಲ್ಲ. ಅದನ್ನು ಒಗೆಯಲೂ ಬಿಡುತ್ತಿಲ್ಲ, ನಿಮ್ಮ ವಾಸನೆ ಹೋಗುತ್ತದೆ ಎಂದಿರಬೇಕು.

ಈಗ ಹೇಳುತ್ತೇನೆ. ಗಾಬರಿಯಾಗದೆ ಓದಿ. ನಿಮ್ಮ ಮಗ ಈಗ ಚೆನ್ನಾಗಿದ್ದಾರೆ, ಪಕ್ಕದ ಮಗ್ಗದ ಮನೆಯಲ್ಲಿ ನೇಯುತ್ತಿದ್ದಾರೆ, ಸದ್ದು ಕೇಳುತ್ತಿದೆ. ಹೊಸ ವರ್ಷಕ್ಕೆ ನೀವು ಅಲ್ಲಿಗೆ ಹೋದ ವಾರದಲ್ಲೇ ಅವರಿಗೆ ಎದೆ ಡವಡವ ಶುರುವಾಯಿತು. ಇದ್ದಕ್ಕಿದ್ದಂತೆ ಓಡುತ್ತದೆ, ನಡುವೆ ಒಂದು ಬಡಿತ ತಪ್ಪುತ್ತದೆ, ತಾನಾಗಿ ಸರಿಹೋಗುತ್ತದೆ. ಜಮಖಂಡಿಯಲ್ಲಿ ಇಸಿಜಿ ತೆಗೆಸಿದೆವು. ಏನೂ ಇರಲಿಲ್ಲ. ಅದು ಮಲಗಿಸಿ ತೆಗೆಯುವ ಹತ್ತು ಸೆಕೆಂಡಿನ ಲೆಕ್ಕವಂತೆ, ಆ ಹತ್ತು ಸೆಕೆಂಡಿನಲ್ಲಿ ಎದೆ ಶಾಣ್ಯಾನಂತೆ ನಡೆದುಕೊಂಡರೆ ಅದಕ್ಕೇನು ಗೊತ್ತಾಗಬೇಕು? ಅದಕ್ಕೆ ಹೋಲ್ಟರ್ ಎಂಬ ಯಂತ್ರ ಕಟ್ಟಿದರು. ಎದೆಗೆ ಅಂಟಿಸಿದ ಬಿಲ್ಲೆಗಳು, ಅವುಗಳಿಂದ ವೈರು, ಸೊಂಟಕ್ಕೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಹಗಲು ರಾತ್ರಿ ಒಂದೊಂದು ಬಡಿತವನ್ನೂ ಬರೆದುಕೊಳ್ಳುತ್ತದೆ. ಜೊತೆಗೆ ಒಂದು ಹಾಳೆ ಕೊಡುತ್ತಾರೆ. ಯಾವ ಹೊತ್ತಿಗೆ ಏನು ಮಾಡುತ್ತಿದ್ದಾಗ ಎದೆ ಹಾರಿತು ಎಂದು ಅದರಲ್ಲಿ ನಾವು ಬರೆಯಬೇಕು.

ಆಗ ನಾವು ಮಾಡಿದ ಕೆಲಸ ಕೇಳಿ. ಮಾವನವರು ಮಗ್ಗದ ಕರೆಂಟು ಹೊಡೆದು ಹೋದ ಮನೆ ನಮ್ಮದು. ಮೈತುಂಬ ವೈರು ಕಟ್ಟಿಕೊಂಡು ಮೋಟಾರಿನ ಹತ್ತಿರ ಹೋಗುವುದೇ? ನಾನೇ ಹೋಗಿ ಎರಡೂ ಮಗ್ಗ ಬಂದ್ ಮಾಡಿಸಿದೆ. ಇಪ್ಪತ್ತನಾಲ್ಕು ತಾಸು ಅವರನ್ನು ಮಂಚದ ಮೇಲೆ ಕೂರಿಸಿ ಗಂಜಿ ಕುಡಿಸಿದೆ. ಓಣಿಯವರೆಲ್ಲ ನೋಡಲು ಬಂದರು. ಹಣಮವ್ವ ಬಾಗಿಲಲ್ಲೇ ನಿಂತು, "ಏನ್ಲೇ ಪ್ರಭು, ಎದಿಗೂ ಮೀಟರ್ ಕೂಡಿಸ್ಯಾರೇನು? ಬಿಲ್ಲು ಯಾರ ಹೆಸರಿಗಿ ಬರತೈತಿ?" ಎಂದಳು. ನಿಮ್ಮ ಮಗ ನಕ್ಕಿದ್ದೇ ನಕ್ಕಿದ್ದು. ಎದೆ ಒಮ್ಮೆಯೂ ತಪ್ಪಲಿಲ್ಲ, ರಿಪೋರ್ಟು ಚೊಕ್ಕವಾಗಿ ಬಂತು, ನಾನು ಪೇಢೆ ಹಂಚಿದೆ. ಎಂಟನೆಯ ದಿನ ನೇಯುತ್ತ ನೇಯುತ್ತ ಬಿದ್ದರು. ಅರ್ಧ ನಿಮಿಷ ಪ್ರಜ್ಞೆ ಇರಲಿಲ್ಲ ಅತ್ತೆ. ನೀರು ಚಿಮುಕಿಸಿದ ಕೈ ನನ್ನದೇ.

ಬೆಳಗಾವಿಯಿಂದ ಹದಿನೈದು ದಿನಕ್ಕೊಮ್ಮೆ ಗುರುವಾರ ಜಮಖಂಡಿಗೆ ಬರುವ ಹೃದಯದ ಡಾಕ್ಟರು ಹಳೆಯ ರಿಪೋರ್ಟು ನೋಡಿ, ಆ ಹಾಳೆ ತಿರುಗಿಸಿ ನೋಡಿ, ನನ್ನ ಮುಖ ನೋಡಿದರು. ಹಾಳೆಯಲ್ಲಿ ನಾನು ಗುಂಡಗಿನ ಅಕ್ಷರದಲ್ಲಿ ದಿನವಿಡೀ ವಿಶ್ರಾಂತಿ ಎಂದು ಬರೆದಿದ್ದೆ. "ಅಲ್ರೀ ತಂಗಿ, ಮಗ್ಗ ಕೆಟ್ಟೈತಿ ಅಂತ ಮಿಸ್ತ್ರೀನ ಕರದು, ಮಗ್ಗ ಬಂದ್ ಮಾಡಿ ಅದರ ಮುಂದ ಕುಂದರಸ್ತೀರೇನು? ಓಡಿಸಿದ್ರಲ್ಲ ಗೊತ್ತಾಗೂದು, ಎಲ್ಲಿ ತಪ್ಪತೈತಿ ಅಂತ?" ಎಂದರು. ಜಮಖಂಡಿ ಕಾಲೇಜಿನಲ್ಲಿ ಮೂರು ವರ್ಷ ಜೀವಶಾಸ್ತ್ರ ಓದಿದವಳು ನಾನು. ಆ ಕುರ್ಚಿಯಲ್ಲಿ ಎಲ್ಲಿ ಮುಖ ಇಟ್ಟುಕೊಳ್ಳಲಿ? ಆ ಬಿಲ್ಲೆಗಳು ಎದೆಯ ಬಡಿತವನ್ನು ಕೇಳಿಸಿಕೊಳ್ಳುತ್ತವೆ ಅಷ್ಟೇ, ಮೈಗೆ ಕರೆಂಟು ಬಿಡುವುದಿಲ್ಲ, ಎಂದಿನ ಕೆಲಸ ಎಂದಿನಂತೆ ಮಾಡಲಿ, ಸ್ನಾನ ಮಾತ್ರ ಬೇಡ ಎಂದು ತಿಳಿಸಿದರು. ಈ ಸಲ ನಲವತ್ತೆಂಟು ತಾಸು. ಅಲ್ಲಿ ಯಂತ್ರಗಳಿರುವುದು ಎರಡೇ, ನಮ್ಮ ಪಾಳಿ ಬಂದದ್ದು ಮೊನ್ನೆ ಮಂಗಳವಾರ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಿಚ್ಚುತ್ತಾರೆ, ಅಲ್ಲೇ ಡಾಕ್ಟರು ನೋಡುತ್ತಾರೆ.

ಅದಕ್ಕೇ ಇವರು ರಾತ್ರಿ ಪಾಳಿಯನ್ನೂ ಬಿಡದೆ ನೇಯುತ್ತಿದ್ದಾರೆ. ನಾನು ಓಡಿ ಹೋದಾಗ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬೂದಿ. ಒಂದು ಕೈ ಡಬ್ಬಿಯ ಮೇಲೆ. ತಲೆಯ ಮೇಲೆ ಮೊಳೆಗೆ ಮಾವನವರ ಕಂದೀಲು, ನೀವು ಯಾರಿಗೂ ತೆಗೆಯಲು ಬಿಡದ ಕಂದೀಲು, ಮಗ್ಗದ ಏಟಿಗೆ ತೂಗುತ್ತಿತ್ತು. "ಏನಿಲ್ಲ, ಸುಮ್ನ ಕುಂತೇನಿ. ನೀ ಹೋಗು, ಕೂಸು ಎದ್ದೀತು," ಎಂದರು. ನಾನು ಮಗ್ಗ ನಿಲ್ಲಿಸಿ ಡಬ್ಬಿಯ ಗುಂಡಿ ಒತ್ತಿದೆ. ಎದೆ ಹಾರಿದಾಗ ಅದನ್ನು ಒತ್ತಬೇಕು, ಆ ಜಾಗಕ್ಕೆ ಗುರುತು ಬೀಳುತ್ತದೆ. "ಯಾಕ ಒತ್ತಿದಿ ಪೂರ್ಣಿ? ನಿನಗ ನಾ ರೋಗಿ ಆಗಬೇಕಾಗೈತೇನು?" ಎಂದು ಸಿಟ್ಟಾದರು. ಈಗಲೇ ಆಸ್ಪತ್ರೆಗೆ ಹೋಗೋಣ ಎಂದು ಕಾಲು ಹಿಡಿದೆ. ಹೇಗಿದ್ದರೂ ಒಂಬತ್ತಕ್ಕೆ ಹೋಗುವುದೇ ಅಲ್ಲವೇ ಎನ್ನುತ್ತಾರೆ. ಕಾಲು ತಾಸು ಕೂರಿಸಿದೆ, ನೀರು ಕುಡಿಸಿದೆ. ಎದ್ದು ಕಂಡಿಕೆ ಬದಲಿಸಿ ಒಂದೇ ಮಗ್ಗ ಚಾಲೂ ಮಾಡಿದರು. ಹಾಳೆಯಲ್ಲಿ ನಾನು ಬರೆದೆ: ಎರಡು ಹತ್ತು, ನೇಯುವಾಗ, ಕಣ್ಣಿಗೆ ಕತ್ತಲೆ. ಅದರ ಬೆನ್ನಿಗೆ ಖಾಲಿ ಇರುವ ಜಾಗದಲ್ಲೇ ಈ ಪತ್ರ ಶುರು ಮಾಡಿದ್ದೆ, ಡಾಕ್ಟರಿಗೆ ಕೊಡಬೇಕಲ್ಲ ಎಂದು ನೆನಪಾಗಿ ಹರಿಯದೆ ಪಕ್ಕಕ್ಕಿಟ್ಟು ಈ ನೋಟುಪುಸ್ತಕ ತೆಗೆದೆ. ತಲೆ ಹೀಗಾಗಿದೆ.

ಅಮಿತ ಎದ್ದಿದ್ದ. ತಟ್ಟಿ ಮಲಗಿಸಿ ಬಂದೆ. ತಟ್ಟುವ ನೆಪದಲ್ಲಿ ಅವನ ಎದೆಗೆ ಕಿವಿ ಇಟ್ಟೆ. ದಿನಾ ಇಡುತ್ತೇನೆ, ನಿಮ್ಮ ಮಗನಿಗೆ ಹೇಳಬೇಡಿ. ಹಕ್ಕಿಯ ಹಾಗೆ ಓಡುತ್ತದೆ. ಮಕ್ಕಳದು ಹಾಗೇ ಇರುತ್ತದೆ ಎಂದು ನನಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆದರೂ ಮೂರು ಸಲ ಎಣಿಸುತ್ತೇನೆ, ಮೂರು ಸಲವೂ ಬೇರೆ ಬೇರೆ ಬರುತ್ತದೆ.

ಯಾಕೆಂದರೆ ಡಾಕ್ಟರು ಎರಡು ಸಲ ಒಂದೇ ಪ್ರಶ್ನೆ ಕೇಳಿದರು. ನಿಮ್ಮ ತಂದೆ ಎಷ್ಟು ವಯಸ್ಸಿಗೆ ಹೋದರು, ಹೇಗೆ ಹೋದರು? ಇವರು ಎರಡು ಸಲವೂ, "ನಲವತ್ತೊಂದಕ್ಕ ರೀ, ಮಗ್ಗದ ಕರೆಂಟ್ ಹೊಡೀತು," ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ಯಂತ್ರ ನಿಮ್ಮ ಎದಿದಷ್ಟ ಹೇಳತೈತಿ. ನಿಮ್ಮ ತಂದಿದು ಮನಿಯವರ ಹೇಳಬೇಕು. ಖರೆ ಕರೆಂಟ್ ಆದ್ರ ಬ್ಯಾರೆ ಮಾತು. ಎದಿಯಿಂದ ಹೋಗಿದ್ರ ನಾ ನಿಮ್ಮನ್ನ ಮನಿಗಿ ಕಳಸಂಗಿಲ್ಲ, ಸೀದಾ ಬೆಳಗಾವಿಗೆ. ಈ ಕೂಸಿಂದೂ ಇಸಿಜಿ ತಗೀಬೇಕಾಕ್ಕೈತಿ." ಅಮಿತ ಆಗ ನನ್ನ ತೊಡೆಯ ಮೇಲೆ ಕುಳಿತು ಅವರ ಸ್ಟೆತಾಸ್ಕೋಪಿನ ನಳಿಕೆ ಎಳೆಯುತ್ತಿದ್ದ.

ನಿಮಗೆ ತಿಳಿಸಬಾರದೆಂದು ನಿಮ್ಮ ಮಗ ಕಟ್ಟುನಿಟ್ಟು ಮಾಡಿದ್ದಾರೆ. "ಅವ್ವಗ ಫೋನ್ ಹಚ್ಚಿದಿ ಅಂದ್ರ ನೋಡು. ಮತ್ತ ಅಪ್ಪನ ದಿನಾ ನೆನಸಿ ಸಾಯ್ತಾಳ," ಎಂದು ಕೂಸಿನ ತಲೆ ಮುಟ್ಟಿಸಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ನಾನು ಫೋನ್ ಹಚ್ಚಿಲ್ಲ. ಪತ್ರದ ಮಾತು ಆಣೆಯಲ್ಲಿ ಬಂದಿರಲಿಲ್ಲ. ನಾಲ್ಕಕ್ಕೆ ಮುದಕಪ್ಪ ಕಾಕಾ ಹಾಲಿನ ಟೆಂಪೋ ತೆಗೆದುಕೊಂಡು ಮುಧೋಳಕ್ಕೆ ಹೊರಡುತ್ತಾನೆ, ನಂದಾಳ ಓಣಿಯಲ್ಲೇ ಅವನ ಮೊದಲ ಕ್ಯಾನು ಇಳಿಯುವುದು. ನಿಮ್ಮ ಕೈಗೇ ಕೊಡಲು ಹೇಳುತ್ತೇನೆ. ನಂದಾ ಹಸಿ ಬಾಣಂತಿ, ಅವಳಿಗೆ ಓದಲು ಕೊಡಬೇಡಿ. ಚಸ್ಮಾ ಹಾಕಿಕೊಂಡು ಅಡುಗೆಮನೆಯ ಲೈಟಿನಲ್ಲಿ ನೀವೇ ಓದಿ. ಮಾವನವರದು ನಿಮಗೆ ಏನಾದರೂ ನೆನಪಿದ್ದರೆ ತಿಳಿಸಿ. ಅವರಿಗೆ ಮುಂಚೆ ಎಂದಾದರೂ ತಲೆ ಸುತ್ತುತ್ತಿತ್ತೇ, ಎದೆ ಹಿಡಿದುಕೊಳ್ಳುತ್ತಿದ್ದರೇ, ಅಷ್ಟು.

ಬೀಗರಿಗೆ ನನ್ನ ನಮಸ್ಕಾರ ತಿಳಿಸಿ. ನಂದಾಳಿಗೆ ಅಂಟಿನ ಉಂಡೆ ಮಾಡಿಟ್ಟಿದ್ದೇನೆ, ಟೆಂಪೋದಲ್ಲೇ ಕಳಿಸುತ್ತಿದ್ದೇನೆ. ಹೊಸ ಕೂಸಿಗೆ ಅಮಿತನ ಪರವಾಗಿ ಒಂದು ಮುತ್ತು. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ, ಇವತ್ತು ಹೆಚ್ಚು ಬೇಕು.

ನಿಮ್ಮ ಸೊಸೆ,
ಪೂರ್ಣಿಮಾ

ತಾ.ಕ.: ಮೂರೂವರೆ ಆಯಿತು. ಮಡಿಚಿಟ್ಟದ್ದನ್ನು ಮತ್ತೆ ಬಿಚ್ಚಿದ್ದೇನೆ. ಸುತ್ತುಬಳಸಿ ಬರೆದರೆ ನೀವೂ ಸುತ್ತುಬಳಸಿ ಉತ್ತರ ಕೊಡುತ್ತೀರಿ, ಅದಕ್ಕೆ ಹೊತ್ತಿಲ್ಲ. ಹೋದ ದೀಪಾವಳಿಯಲ್ಲಿ ಲೈಟು ಹೋದಾಗ ಅಮಿತನಿಗೆ ಎಣ್ಣೆ ತಿಕ್ಕುತ್ತ, ಮಾವನವರ ಕೊನೆಯ ದಿನ ನೆನೆದು ನೀವೇ ಅಂದಿರಿ: "ಅವತ್ತೂ ಹಿಂಗ ಓಣಿಗೆಲ್ಲಾ ಲೈಟ್ ಹೋಗಿತ್ತು. ಚಾ ಕುಡದು, ಅಷ್ಟರೊಳಗ ಹರದ ಎಳಿ ಕೂಡಸ್ತೀನಿ ಅಂತ ಕಂದೀಲ ಹಚಗೊಂಡು ಹೋದ್ರು. ಊಟಕ್ಕ ಕರ್ಯಾಕ ಹೋದ್ನಿ, ಮಗ್ಗದ ಮ್ಯಾಲೆ ಬಾಗಿದ್ರು. ಎಳಿ ನೋಡಾಕತ್ತಾರ ಅಂತ ಸುಮ್ನ ನಿಂತಿದ್ದೆ." ನೀವು ನಿಂತಾಗಲೂ ಕಂದೀಲೇ ಉರಿಯುತ್ತಿತ್ತು ಅಂದಿರಿ. ಓಣಿಗೇ ಲೈಟು ಇಲ್ಲದಾಗ ಮಗ್ಗಕ್ಕೆ ಕರೆಂಟು ಎಲ್ಲಿಂದ ಬಂತು ಅತ್ತೆ? ಇವತ್ತು ಆ ಕಂದೀಲು ತೂಗುವುದನ್ನು ನೋಡಿದ ಮೇಲೆ ಬೇರೇನೂ ತಲೆಯಲ್ಲಿ ನಿಲ್ಲುತ್ತಿಲ್ಲ. ಎದೆ ರೋಗದ ಮನೆ ಎಂದರೆ ಮುಂದೆ ನಂದಾಳಿಗೆ ಗಂಡು ಸಿಗುವುದಿಲ್ಲ, ಪ್ರಭುಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ನೀವು ಕರೆಂಟು ಹೊಡೆಯಿತು ಅಂದಿರಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ನನಗೆ ಸಿಟ್ಟಿಲ್ಲ, ಈ ಮನೆಗೆ ಬಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಕರೆಂಟು ಇತ್ತೋ ಇರಲಿಲ್ಲವೋ, ಅದೊಂದು ಮಾತು ಸಾಕು. ಇರಲಿಲ್ಲ ಎಂದರೆ ನಾನು ಬೆಳಗಾವಿಯ ಬಟ್ಟೆಚೀಲ ಕಟ್ಟಿಕೊಂಡೇ ಜಮಖಂಡಿಗೆ ಹೊರಡುತ್ತೇನೆ, ಕೂಸನ್ನೂ ಎತ್ತಿಕೊಂಡು. ಐದರ ಒಳಗೆ ಈ ಪತ್ರ ನಿಮ್ಮ ಕೈ ಸೇರುತ್ತದೆ. ಇವರು ಆರಕ್ಕೆ ಕೆಲಸ ಮುಗಿಸುತ್ತಾರೆ. ಮಗ್ಗ ನಿಂತರೆ ರಿಂಗು ಅವರಿಗೆ ಕೇಳಿಸುತ್ತದೆ, ಆಮೇಲೆ ನನಗೆ ಮಾತಾಡಲು ಬಿಡುವುದಿಲ್ಲ. ಬೆಳಗಾಗುವ ಮುಂಚೆ ಫೋನ್ ಮಾಡಿ. ಅಳು ಬಂದರೆ ಅತ್ತೇ ಹೇಳಿ, ಆದರೆ ಮಾಡಿ. ಫೋನು ಕೈಯಲ್ಲೇ ಹಿಡಿದು ಕುಳಿತಿದ್ದೇನೆ. ಮಗ್ಗ ಇನ್ನೂ ನಡೆಯುತ್ತಿದೆ ಅತ್ತೆ, ಅದು ನಡೆಯುತ್ತಿರುವಾಗಲೇ ಮಾಡಿ.